ಕತ್ತೆಯವರ ಮುಂದೆ ಹೇಳಿದ ದೂರು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ತಿಮ್ಮಾಜಮ್ಮನವರು. ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಹೇಳಿದರು. ಒಂದು ಬತ್ತಿ ಮುಗಿದು ಇನ್ನೊಂದಕ್ಕೆ ಹತ್ತಿ ಹಿಂಜುವಷ್ಟು ಹೊತ್ತು ಕಥೆ ನಿಲ್ಲುತ್ತಿತ್ತು. ಅಂಗೈ ಮತ್ತೆ ಆಡತೊಡಗಿದರೆ ಕಥೆಯೂ ಮುಂದಕ್ಕೆ ಹೋಗುತ್ತಿತ್ತು. ಅವರಿಗೆ ಅದನ್ನು ಯಾರು ಹೇಳಿದ್ದರೋ ನಾನು ಕೇಳಲಿಲ್ಲ. ಆ ಊರು ಎಲ್ಲಿದೆ ಎಂದು ಮಾತ್ರ ಕೇಳಿದ್ದೆ. “ಊರು ಅಂದಮೇಲೆ ಎಲ್ಲೋ ಒಂದು ಕಡೆ ಇರುತ್ತಪ್ಪ. ಹೊಳೆ ಪಕ್ಕ ಅಂತ ಇಟ್ಟುಕೋ,” ಅಂದರು. ನಾನೂ ಹಾಗೆಯೇ ಇಟ್ಟುಕೊಂಡಿದ್ದೇನೆ.

ಹೊಳೆ ಪಕ್ಕದ ಆ ಊರಿನಲ್ಲಿ ಮನೆಗೆ ತಾಗಿ ಮನೆ, ಗೋಡೆಗೆ ತಾಗಿ ಗೋಡೆ. ದನಕರು, ಮೇಕೆ, ಕೋಳಿ ಸಾಕುವವರೂ ಇದ್ದರು. ಅವುಗಳ ಸದ್ದಿಗೆ ಬೇಸತ್ತು ಕಿವಿ ಮುಚ್ಚಿಕೊಳ್ಳುವವರೂ ಇದ್ದರು. ಇಷ್ಟು ಎಲ್ಲ ಊರುಗಳಲ್ಲೂ ಉಂಟು. ಆದರೆ ಅಲ್ಲಿ ಒಂದು ಕಟ್ಟಳೆ ಇತ್ತು, ಅದು ಬೇರೆ ಯಾವ ಊರಿನಲ್ಲೂ ಇಲ್ಲ. ಸದ್ದು ಮಾಡಿದವರು ಯಾರೋ, ದೂರನ್ನು ಅವರ ಮುಂದೆಯೇ ಹೇಳಬೇಕು. ಸಾಕಿದವರ ಮುಂದೆ ಅಲ್ಲ, ಊರ ಹಿರಿಯರ ಮುಂದೆ ಅಲ್ಲ, ದೇವರ ಮುಂದೆಯೂ ಅಲ್ಲ. ಕೋಳಿ ಕೂಗಿದರೆ ಕೋಳಿಯ ಮುಂದೆ. ಎಮ್ಮೆ ಒದರಿದರೆ ಎಮ್ಮೆಯ ಮುಂದೆ.

ದೂರು ಹೇಳುವವನು ಕಾಲು ತೊಳೆದುಕೊಂಡು ಬರಬೇಕು. ಬರಿಗೈಯಲ್ಲಿ ಬರಬಾರದು, ಒಂದು ಹಿಡಿ ಹಸಿ ಹುಲ್ಲು ತರಬೇಕು. ಕೊಟ್ಟಿಗೆಯಲ್ಲಿ ಇರುವವರನ್ನು ಬಹುವಚನದಲ್ಲಿ ಮಾತಾಡಿಸಬೇಕು. ಸುಳ್ಳು ಬೆರೆಸಬಾರದು. ಎಲ್ಲ ಹೇಳಿ ಮುಗಿಸಿ “ಇಷ್ಟೇ ನನ್ನ ದೂರು” ಎನ್ನುವ ತನಕ ಕೊಟ್ಟಿಗೆಯೊಳಗೆ ಯಾರೂ ಬಾಯಿ ತೆರೆಯದಿದ್ದರೆ ದೂರು ನಿಂತಂತೆ. ನಡುವೆ ಒಂದು ಮರಿ ಕೂಗಿದರೂ ದೂರು ಬಿದ್ದಂತೆ. ಬಿದ್ದರೆ ನಾಳೆ ಮತ್ತೆ ಬರಬಹುದು. ನಿಂತರೆ, ಆ ಕೊಟ್ಟಿಗೆಯವರೆಲ್ಲರೂ ಅದೇ ದಿನ ಹೊತ್ತು ಇಳಿಯುವ ಮುಂಚೆ ಹೊಳೆ ದಾಟಬೇಕು. ದಾಟಿದವರು ತಿರುಗಿ ಬರುವಂತಿಲ್ಲ. ಸಾಕಿದವರು ಬರಿಯ ಹಗ್ಗ ಹಿಡಿದುಕೊಂಡು ಮನೆಗೆ ಬರಬೇಕು.

ಇದನ್ನು ನೋಡಿಕೊಳ್ಳಲು ಸಾಕ್ಷಿಯ ಮುದುಕ ಎಂಬವನೊಬ್ಬ ಇದ್ದ. ಕೈಯಲ್ಲಿ ನೀರು ತುಂಬಿದ ಗಿಂಡಿ. ದೂರು ಬಿದ್ದರೆ “ಬಿತ್ತು” ಎಂದು ಹೇಳಿ ಗಿಂಡಿಯನ್ನು ಹಾಗೆಯೇ ಮನೆಗೆ ಒಯ್ಯುತ್ತಿದ್ದ. ನಿಂತರೆ ನೀರನ್ನು ನೆಲಕ್ಕೆ ಹುಯ್ಯಬೇಕು. ಅವನು ಯಾವತ್ತೂ ಹುಯ್ದಿರಲಿಲ್ಲ. ಅವನ ತಂದೆಯೂ ಹುಯ್ದಿರಲಿಲ್ಲ. ಕೋಳಿ, ಮೇಕೆ, ಎಮ್ಮೆ, ಕತ್ತೆ ಎಲ್ಲ ಒಟ್ಟಿಗೆ ಒಂದು ದೂರಿನ ಉದ್ದಕ್ಕೂ ಸುಮ್ಮನಿರುವುದು ಎಲ್ಲಿಯ ಮಾತು! ಜನ ಬರುತ್ತಿದ್ದರು, ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಬಹುವಚನದಲ್ಲಿ ಹೇಳುತ್ತಿದ್ದರು, ಯಾರೋ ಒಬ್ಬರು ಮ್ಯಾ ಅನ್ನುತ್ತಿದ್ದರು, ದೂರು ಬೀಳುತ್ತಿತ್ತು. ಹುಲ್ಲು ತಿನ್ನಿಸಿ ಮನೆಗೆ ಹೋಗುತ್ತಿದ್ದರು. ಹೋಗುವಾಗ ಎದೆ ಒಂದಿಷ್ಟು ಹಗುರವಾಗಿರುತ್ತಿತ್ತು. ಹೀಗೆ ಆ ಊರು ತಲೆಮಾರುಗಳಿಂದ ನಡೆದುಕೊಂಡು ಬಂದಿತ್ತು.

ಆ ಊರಿನಲ್ಲಿ ಒಬ್ಬಳು ಸಾಕುವವಳು ಇದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ಕೊಟ್ಟಿಗೆಯಲ್ಲಿ ಒಂದು ಎಮ್ಮೆ, ಅದರ ಕರು, ನಾಲ್ಕು ಮೇಕೆ, ಎರಡು ಹೆಬ್ಬಾತು, ಒಂದಷ್ಟು ಕೋಳಿ, ಮತ್ತೆ ಒಂದು ಮುದಿ ಗಂಡುಕತ್ತೆ. ಬೆಳಿಗ್ಗೆ ಎದ್ದು ಕೊಟ್ಟಿಗೆಯ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, “ನಿನ್ನೆ ಇದ್ದಿರಿ, ಇವತ್ತೂ ಇದ್ದೀರಿ, ದೊಡ್ಡ ಉಪಕಾರ,” ಎಂದು ಹೇಳಿ ಅಗುಳಿ ತೆಗೆಯುತ್ತಿದ್ದಳು. ಅವಳ ಪೂಜೆ ಅಷ್ಟೇ. ಅಗುಳಿ ತೆಗೆದ ಮೇಲೆ ಆಗುತ್ತಿದ್ದ ಗದ್ದಲವೇ ಅವಳ ಮಂಗಳಾರತಿ. ಎಲ್ಲರ ಕೊನೆಗೆ ಕತ್ತೆ ಬಾಯಿ ಹಾಕುತ್ತಿತ್ತು. ಅದು ಕೂಗಿದರೆ ಬೀದಿಯ ಆ ಕೊನೆಯಲ್ಲಿ ಮೊಸರು ಕಡೆಯುವವರ ಕೈ ತಪ್ಪುತ್ತಿತ್ತು ಎನ್ನುತ್ತಾರೆ. ಬೆಳಿಗ್ಗೆ ಒಮ್ಮೆ, ಹೊತ್ತು ನೆತ್ತಿಗೆ ಬಂದಾಗ ಒಮ್ಮೆ, ಬಾವಿಯ ಹಗ್ಗ ಕಿರುಗುಟ್ಟಿದರೆ ಒಮ್ಮೆ, ಏನೂ ಇಲ್ಲದಿದ್ದರೆ ಏನೂ ಇಲ್ಲವಲ್ಲ ಎಂದು ಒಮ್ಮೆ.

ಅವಳ ಮನೆಯ ಎಡಗೋಡೆಗೆ ತಾಗಿದ ಮನೆ ಬಹಳ ಕಾಲ ಖಾಲಿ ಇತ್ತು. ಅಲ್ಲಿಗೆ ಒಬ್ಬ ಮಗ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಅವನಿಗೂ ಬೇರೆ ಯಾರೂ ಇರಲಿಲ್ಲ. ತಾಯಿ ಹಣ್ಣು ಹಣ್ಣು ಮುದುಕಿ. ಬಂದ ದಿನವೇ ಜಗಲಿಯ ಮೇಲೆ ಕೂತು ಬೆರಳು ಎಣಿಸಲು ಶುರು ಮಾಡಿದಳು. ಹೆಬ್ಬೆರಳು ಕಿರುಬೆರಳಿನ ಕೆಳಗಿನ ಗೆಣ್ಣಿನಿಂದ ಹೊರಟು, ಗೆಣ್ಣಿನಿಂದ ಗೆಣ್ಣಿಗೆ ಹತ್ತಿ ಇಳಿದು, ಬೆರಳಿನಿಂದ ಬೆರಳಿಗೆ ಹೋಗುತ್ತಿತ್ತು. ತುಟಿ ಮೆಲ್ಲಗೆ ಅಲುಗುತ್ತಿತ್ತು. ಉಣ್ಣುವಾಗಲೂ ಎಡಗೈಯ ಹೆಬ್ಬೆರಳು ನಡೆಯುತ್ತಿತ್ತು. ದೇವರ ನಾಮ ಎಣಿಸುತ್ತಿದ್ದಾಳೆ ಎಂದು ಊರು ತಿಳಿಯಿತು. ಮಗನೂ ತಿಳಿದ. ಎಣಿಸುವವರನ್ನು ಮಾತಾಡಿಸಬಾರದು ಎಂಬುದು ಹಿಂದಿನಿಂದ ಬಂದ ನಡತೆ. ಆದ್ದರಿಂದ ಯಾರೂ ಮಾತಾಡಿಸಲಿಲ್ಲ.

ಪಕ್ಕದ ಕೊಟ್ಟಿಗೆಯಿಂದ ಕತ್ತೆ ಕೂಗುತ್ತಿತ್ತು. ಕೂಗಿದ ತಕ್ಷಣ ತಾಯಿಯ ಹೆಬ್ಬೆರಳು ನಿಲ್ಲುತ್ತಿತ್ತು. ಕಣ್ಣು ಒಂದು ಗಳಿಗೆ ಮುಚ್ಚುತ್ತಿತ್ತು. ಮತ್ತೆ ಹೆಬ್ಬೆರಳು ಹಿಂದಕ್ಕೆ ಬಂದು, ಕಿರುಬೆರಳಿನ ಕೆಳಗಿನ ಗೆಣ್ಣಿನ ಮೇಲೆ ಕೂರುತ್ತಿತ್ತು. ಮತ್ತೆ ಮೊದಲಿನಿಂದ.

ದಿನಕ್ಕೆ ಎಷ್ಟು ಸಲ ಹೀಗೆ! ಮಗ ಕಂಬಕ್ಕೆ ಒರಗಿ ನೋಡುತ್ತಿದ್ದ. ಬೆರಳು ಮುಂದಕ್ಕೆ ಹೋದರೆ ಅವನ ಉಸಿರು ಮುಂದಕ್ಕೆ ಹೋಗುತ್ತಿತ್ತು, ಬೆರಳು ಹಿಂದಕ್ಕೆ ಬಂದರೆ ಅವನು ಗೋಡೆಯಾಚೆಗೆ ಕೆಕ್ಕರಿಸುತ್ತಿದ್ದ. ಮೂರು ಸುಗ್ಗಿ ತಡೆದ. ನಾಲ್ಕನೆಯದಕ್ಕೆ ಕಾಲು ತೊಳೆದ.

ಮೊದಲ ದಿನ ಅವನು ಬಂದಾಗ ಕೊಟ್ಟಿಗೆಯ ಮುಂದೆ ಸಾಕ್ಷಿಯ ಮುದುಕ ಗಿಂಡಿ ಹಿಡಿದು ಕೂತಿದ್ದ. ಎದುರು ಮನೆಯ ಕುಂಬಾರಗಿತ್ತಿ ಮಣ್ಣಿನ ಕೈಯಲ್ಲೇ ಎದ್ದು ಬಂದು ಬೇಲಿಗೆ ಆತುಕೊಂಡು ನಿಂತಿದ್ದಳು.

“ಎಲೋ ಕತ್ತೆ,” ಎಂದು ಮಗ ಶುರು ಮಾಡಿದ.

“ಬಹುವಚನ,” ಅಂದ ಸಾಕ್ಷಿಯ ಮುದುಕ.

“ಕತ್ತೆಗಾ?”

“ಕತ್ತೆಗಲ್ಲ. ಕತ್ತೆಯವರಿಗೆ.”

ಕುಂಬಾರಗಿತ್ತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮಗ ಹಲ್ಲು ಕಚ್ಚಿಕೊಂಡು, “ಕತ್ತೆಯವರೇ, ನಿಮ್ಮ ಗಂಟಲು ಗಂಟಲಲ್ಲ, ಒಡೆದ ಕಹಳೆ. ನಿಮ್ಮಿಂದ ಈ ಊರಲ್ಲಿ ಒಬ್ಬರಿಗೂ ಸುಖವಿಲ್ಲ…” ಎನ್ನುವಷ್ಟರಲ್ಲಿ ಹೆಬ್ಬಾತುಗಳು ಎರಡೂ ಕತ್ತು ಚಾಚಿ ಕಿರುಚಿದವು.

“ಬಿತ್ತು,” ಅಂದ ಸಾಕ್ಷಿಯ ಮುದುಕ.

ದೂರು ಹೇಳಿದವನಿಗೆ ಸಾಕಿದವರು ಮಜ್ಜಿಗೆ ಕೊಡಬೇಕು. ಸಾಕುವವಳು ಚೊಂಬು ತಂದು, “ಕುಡೀರಿ ಅಣ್ಣಾ, ಕೂಗಿ ಗಂಟಲು ಒಣಗಿರುತ್ತೆ,” ಅಂದಳು.

“ನಿನ್ನ ಮಜ್ಜಿಗೆ ಕುಡಿದರೆ ನನ್ನ ದೂರು ತಣ್ಣಗಾಗುತ್ತೆ ಕಣಮ್ಮ.”

“ತಣ್ಣಗಾದ್ರೂ ದೂರು ದೂರೇ ಅಲ್ವಾ. ನಾಳೆ ಬಂದು ಬಿಸಿ ಮಾಡ್ಕೊಳ್ಳಿ.”

ಬೇಲಿಯಿಂದ ಕುಂಬಾರಗಿತ್ತಿ ಕೂಗಿದಳು: “ಏನೂ ಬೇಜಾರು ಮಾಡ್ಕೋಬೇಡಪ್ಪ. ನಾನು ಹನ್ನೊಂದು ವರ್ಷದಿಂದ ಆ ಹೆಬ್ಬಾತುಗಳ ಮೇಲೆ ಹೇಳ್ತಾ ಇದ್ದೀನಿ. ಒಂದು ದಿನ ಹೇಳದೆ ಇದ್ರೆ ನನಗೆ ಊಟ ಸೇರಲ್ಲ, ಅವಕ್ಕೂ ಸೇರಲ್ಲ.”

ಎರಡನೆಯ ದಿನ ಬಂದ. ಬೇಗ ಬೇಗ ಹೇಳಿ ಮುಗಿಸೋಣ ಎಂದುಕೊಂಡು ಒಂದೇ ಉಸಿರಿಗೆ ಹೇಳಿದ. ಮೊಟ್ಟೆ ಇಟ್ಟ ಕೋಳಿಯೊಂದು ಊರಿಗೆಲ್ಲ ಸಾರಿತು. ಬಿತ್ತು. ಮೂರನೆಯ ದಿನ ಮೇಕೆ. ಬಿತ್ತು. ನಾಲ್ಕನೆಯ ದಿನ ಎಮ್ಮೆ ಕರುವನ್ನು ಕರೆಯಿತು, ಕರು ಓ ಎಂದಿತು. ಎರಡು ಸಲ ಬಿತ್ತು, ಅಂದ ಮುದುಕ. ಕಾಲು ತೊಳೆದ, ಹುಲ್ಲು ಕೊಯ್ದ, ಬಂದ, ಹೇಳಿದ, ಬಿತ್ತು. ಕಾಲು ತೊಳೆದ, ಹುಲ್ಲು ಕೊಯ್ದ, ಬಂದ, ಹೇಳಿದ, ಬಿತ್ತು.

ಬೀಳುತ್ತ ಬೀಳುತ್ತ ಅವನಿಗೆ ಒಂದು ಸಂಗತಿ ಗೊತ್ತಾಯಿತು. ಅವನು ಸಿಟ್ಟಿಗೆ ಒಂದು ಮಾತು ಸೇರಿಸಿದರೆ ಹೆಬ್ಬಾತು ಕೂಗುತ್ತದೆ. ಇಲ್ಲದ್ದನ್ನು ಇದೆ ಎಂದರೆ ಮೇಕೆ ಅರಚುತ್ತದೆ. ಇದ್ದದ್ದನ್ನು ಇದ್ದಷ್ಟೇ ಹೇಳಿದರೆ ಅಷ್ಟು ಹೊತ್ತು ಎಲ್ಲರೂ ಕಿವಿ ನಿಮಿರಿಸಿ ನಿಲ್ಲುತ್ತಾರೆ. ಆದ್ದರಿಂದ ಅವನು ದಿನಕ್ಕೆ ಒಂದೊಂದು ಸುಳ್ಳನ್ನು ಕಿತ್ತು ಎಸೆಯತೊಡಗಿದ, ಕಾಳಿನಿಂದ ಕಲ್ಲು ಆರಿಸುವ ಹಾಗೆ. ‘ಊರಿಗೆಲ್ಲ ತೊಂದರೆ’ ಎಂಬುದನ್ನು ಬಿಟ್ಟ. ‘ನನಗೆ ನಿದ್ದೆ ಇಲ್ಲ’ ಎಂಬುದನ್ನು ಬಿಟ್ಟ. ನಿದ್ದೆ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ದೂರು ಚಿಕ್ಕದಾಗುತ್ತ ಬಂತು. ಕೊಟ್ಟಿಗೆಯ ಮೌನ ದೊಡ್ಡದಾಗುತ್ತ ಬಂತು.

ಸಾಕುವವಳು ಇದನ್ನು ನೋಡಿದಳು. ಒಂದು ದಿನ ಕೇಳಿದಳು:

“ಅಣ್ಣಾ, ಅಮ್ಮನ್ನ ಒಂದು ಮಾತು ಕೇಳಿದ್ರಾ?”

“ಏನಂತ?”

“ಈ ಸದ್ದಿಂದ ಅವರಿಗೆ ಕಷ್ಟ ಆಗ್ತಿದೆಯಾ ಅಂತ.”

“ಎಣಿಸುವವರನ್ನ ಮಾತಾಡಿಸಬಾರದು ಅಂತ ನಿನಗೆ ಗೊತ್ತಿಲ್ವೇನಮ್ಮ? ಅವರು ಎಣಿಸೋದು ನಿಲ್ಲಿಸೋದೇ ಇಲ್ಲ. ಕೇಳೋದು ಯಾವಾಗ?”

ಅವಳೂ ಅದೇ ಊರಿನವಳು. ನಡತೆಯನ್ನು ಮೀರಿ ಹೇಳಲು ಅವಳಿಗೂ ಬಾಯಿ ಬರಲಿಲ್ಲ.

ಇಪ್ಪತ್ತನೆಯ ದಿನವೋ ಇಪ್ಪತ್ತೊಂದನೆಯ ದಿನವೋ, ಹೊತ್ತು ನೆತ್ತಿಗೆ ಬರುವ ಮುಂಚೆ ಅವನು ಬಂದ. ಹುಲ್ಲನ್ನು ಕತ್ತೆಯ ಮುಂದೆ ಇಟ್ಟು, ಕೈ ಜೋಡಿಸಿ, ಮೆಲ್ಲಗೆ ಹೇಳಿದ:

“ಕತ್ತೆಯವರೇ, ಎಮ್ಮೆಯವರೇ, ಎಲ್ಲರೂ ಕೇಳಿ. ನಿಮ್ಮ ದನಿಯಿಂದ ನನಗೆ ಏನೂ ಆಗಿಲ್ಲ. ನಮ್ಮಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಎಷ್ಟೋ ಊರು ನಡೆದಳು. ತಾನು ಉಂಡಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ನೋಡಲಿಲ್ಲ. ಈಗ ನೋಡುತ್ತಿದ್ದೇನೆ. ಈಗ ಅವಳಿಗೆ ಬೇಕಾದದ್ದು ಏನೂ ಇಲ್ಲ. ಒಂದು ಎಣಿಕೆ ಕೊನೆ ಮುಟ್ಟಬೇಕು, ಅಷ್ಟೇ. ನೀವು ಕೂಗಿದಾಗಲೆಲ್ಲ ಅವಳ ಬೆರಳು ಹಿಂದಕ್ಕೆ ಬರುತ್ತದೆ. ಅವಳಿಗೆ ನಾನು ಏನೂ ಕೊಟ್ಟಿಲ್ಲ. ಒಂದು ಮಧ್ಯಾಹ್ನದ ಮೌನವನ್ನಾದರೂ ಕೊಡೋಣ ಅಂತ ನಿಮ್ಮ ಹತ್ತಿರ ಬಂದೆ. ಇಷ್ಟೇ ನನ್ನ ದೂರು.”

ಕೊಟ್ಟಿಗೆಯಲ್ಲಿ ಒಂದು ಕಿವಿಯೂ ಅಲುಗಲಿಲ್ಲ. ಕರು ಕೆಚ್ಚಲಿನಿಂದ ಬಾಯಿ ತೆಗೆದು, ಮೂತಿಯ ನೊರೆ ಹಾಗೆಯೇ ಇಟ್ಟುಕೊಂಡು ನಿಂತಿತ್ತು. ಕೋಳಿಗಳು ಎತ್ತಿದ ಕಾಲನ್ನು ಇಳಿಸಲಿಲ್ಲ. ಕತ್ತೆ ತಲೆ ತಗ್ಗಿಸಿ ಅವನ ಜೋಡಿಸಿದ ಕೈಗಳನ್ನು ನೋಡುತ್ತಿತ್ತು.

ಸಾಕ್ಷಿಯ ಮುದುಕ ಕಾದ. ಇನ್ನೂ ಸ್ವಲ್ಪ ಕಾದ.

“ಬಿತ್ತು ಅನ್ನೋ ಮುದುಕಪ್ಪ,” ಎಂದಳು ಕುಂಬಾರಗಿತ್ತಿ. ಅವಳ ಮುಖದಲ್ಲಿ ನಗು ಇರಲಿಲ್ಲ. “ಆ ಬಾತು ಏನೋ ಅಂದ ಹಾಗಾಯ್ತು, ನನಗೆ ಕೇಳಿಸ್ತು.”

“ನಿನಗೆ ಕೇಳಿಸಿದ್ದು ನನಗೆ ಕೇಳಿಸಲಿಲ್ಲವಲ್ಲ ತಾಯಿ,” ಎಂದ ಮುದುಕ. ಗಿಂಡಿ ಬಗ್ಗಿಸಿದ. ನೀರು ನೆಲಕ್ಕೆ ಬಿತ್ತು. ಅವನ ತಂದೆಯ ಕಾಲದಲ್ಲೂ ಬೀಳದಿದ್ದ ನೀರು.

“ನಿಂತಿತು,” ಅಂದ.

ಸಾಕುವವಳು ಅಳಲಿಲ್ಲ, ಬಯ್ಯಲಿಲ್ಲ. ಕೊಟ್ಟಿಗೆಯ ಒಳಗೆ ಹೋಗಿ ಒಬ್ಬೊಬ್ಬರ ಕತ್ತು ತಡವಿದಳು. “ಎಷ್ಟು ಚೆನ್ನಾಗಿ ಕೇಳಿಸಿಕೊಂಡಿರಪ್ಪ. ಒಬ್ಬರು ಕಷ್ಟ ಹೇಳುವಾಗ ನಡುವೆ ಬಾಯಿ ಹಾಕಬಾರದು ಅಂತ ನಿಮಗೆ ಯಾರು ಕಲಿಸಿದ್ದು?” ಎಂದಳು. ಆಮೇಲೆ ಚೊಂಬು ತಂದು ಅವನ ಕೈಗೆ ಕೊಟ್ಟಳು. ಅವನು ಕುಡಿದ. ಆ ದಿನದ ಮಜ್ಜಿಗೆಗೆ ಉಪ್ಪು ಹಾಕುವುದನ್ನು ಅವಳು ಮರೆತಿದ್ದಳು. ಅವನು ಹೇಳಲಿಲ್ಲ.

ಮಗ ಮನೆಗೆ ಹೋದ. ಬೀದಿಯಲ್ಲಿ ಸದ್ದಿಲ್ಲ, ಗೋಡೆಯಾಚೆ ಸದ್ದಿಲ್ಲ. ಜಗಲಿಯ ಮೇಲೆ ತಾಯಿಯ ಹೆಬ್ಬೆರಳು ನಡೆಯುತ್ತಿತ್ತು. ಅವನು ಕಂಬಕ್ಕೆ ಒರಗಿ ಕೂತ. ಬೆರಳು ಮುಂದಕ್ಕೆ ಹೋಯಿತು. ಹೊತ್ತು ನೆತ್ತಿಗೆ ಬಂತು, ಕತ್ತೆ ಕೂಗಲಿಲ್ಲ, ಬೆರಳು ಮುಂದಕ್ಕೆ ಹೋಯಿತು. ಯಾರೋ ಬಾವಿಗೆ ಹಗ್ಗ ಬಿಟ್ಟರು, ಕತ್ತೆ ಕೂಗಲಿಲ್ಲ, ಬೆರಳು ಮುಂದಕ್ಕೆ ಹೋಯಿತು. ಅವನ ಕಣ್ಣಲ್ಲಿ ನೀರು ಬಂತು, ಸಂತೋಷದ ನೀರು.

ಆಮೇಲೆ ಬೆರಳು ನಿಂತಿತು. ಹಿಂದಕ್ಕೆ ಬರಲಿಲ್ಲ. ಸುಮ್ಮನೆ ನಿಂತಿತು.

ತಾಯಿ ಕಣ್ಣು ತೆರೆದು ಅವನನ್ನು ನೋಡಿದಳು. “ಮಗಾ, ಇವತ್ತು ಅದು ಯಾಕೆ ಕೂಗಲಿಲ್ಲ? ಹುಷಾರಾಗಿದೆಯಾ?”

ಅವನು ಎಲ್ಲವನ್ನೂ ಹೇಳಿದ. ಅವಳಿಗಾಗಿ ಕಾಲು ತೊಳೆದದ್ದು, ಹುಲ್ಲು ಕೊಯ್ದದ್ದು, ಬಿದ್ದದ್ದು, ನಿಂತದ್ದು. “ಎಣಿಕೆ ಮುಗೀತಲ್ಲಮ್ಮ. ಎಷ್ಟು ನಾಮ ಆಯ್ತು?” ಎಂದ.

“ನಾಮ ಅಂದುಕೊಂಡೆಯಾ?” ತಾಯಿ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು. “ನಾನು ಎಣಿಸ್ತಿದ್ದದ್ದು ಈ ಜನ್ಮದಲ್ಲಿ ನನಗೆ ಸಿಕ್ಕಿದ್ದನ್ನು ಮಗಾ. ದೇವರು ಕೊಟ್ಟದ್ದು, ದಾರಿಹೋಕರು ಕೊಟ್ಟದ್ದು, ಎಲ್ಲ. ಮೊದಲನೆಯದು ನಮ್ಮಮ್ಮನ ಸೆರಗಿನ ತುದಿ. ಹಿಡ್ಕೊಂಡು ನಿಲ್ಲೋದು ಕಲಿತೆ. ಎರಡನೆಯದು ಪಕ್ಕದ ಮನೆಯವರು ಕೈಗೆ ಹಾಕಿದ ಹುರಿಗಡಲೆ. ಆಮೇಲೆ ಮಳೆ ನಿಂತಾಗಿನ ಒಂದು ವಾಸನೆ. ಎಲ್ಲೋ ನಡುವೆ ನೀನು ಬರ್ತೀಯ. ಮುಂದೆ ಹೋದ ಹಾಗೆ ತೆಳ್ಳಗಾಗುತ್ತೆ. ಕೊನೆಕೊನೆಗೆ ಹುಡುಕಿ ಹುಡುಕಿ ಎಣಿಸಬೇಕು. ಅಷ್ಟು ಹೊತ್ತಿಗೆ ಸರಿಯಾಗಿ ಆ ಪುಣ್ಯಾತ್ಮ ಕೂಗ್ತಾನೆ. ಎಲ್ಲಿದ್ದೆ ಅನ್ನೋದು ಮರೆತೇ ಹೋಗುತ್ತೆ. ಮತ್ತೆ ಅಮ್ಮನ ಸೆರಗಿಂದ ಶುರು. ಈ ಮನೆಗೆ ಬಂದಮೇಲೆ ನಮ್ಮಮ್ಮನ ಸೆರಗನ್ನ ಎಷ್ಟು ಸಲ ಹಿಡಿದೆನೋ! ಯಾವ ಮಕ್ಕಳಿಗೆ ಸಿಗುತ್ತೆ ಹೇಳು, ಈ ವಯಸ್ಸಲ್ಲಿ?”

ಮಗ ಅವಳ ಕಿರುಬೆರಳಿನ ಕೆಳಗಿನ ಗೆಣ್ಣನ್ನು ನೋಡಿದ.

“ಇವತ್ತು ತಡೆಯೋರಿಲ್ಲದೆ ಕೊನೆಗೆ ಬಂದುಬಿಟ್ಟೆ,” ಎಂದಳು ತಾಯಿ. “ಕೊನೆಯಲ್ಲಿ ಏನೂ ಇಲ್ಲ ಕಣೋ. ಬರೀ ನನ್ನ ಬೆರಳು.”

ಅಷ್ಟರಲ್ಲಿ ಬೀದಿಯಲ್ಲಿ ಗೊರಸಿನ ಸದ್ದು ಕೇಳಿತು. ಸಾಕುವವಳು ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದಳು. ಎಮ್ಮೆಯ ಹಣೆಗೆ, ಮೇಕೆಗಳ ಹಣೆಗೆ, ಕತ್ತೆಯ ಹಣೆಗೆ ಅರಿಶಿನ ಕುಂಕುಮ ಹಚ್ಚಿದ್ದಳು. ಕೋಳಿಗಳು ಬುಟ್ಟಿಯಲ್ಲಿದ್ದವು. ಹೆಬ್ಬಾತುಗಳು ತಾವೇ ನಡೆದು ಬರುತ್ತಿದ್ದವು, ಅವುಗಳ ಹಿಂದೆ ಕುಂಬಾರಗಿತ್ತಿ ಮೂಗು ಒರೆಸಿಕೊಳ್ಳುತ್ತ ಬರುತ್ತಿದ್ದಳು. ಯಾರ ಬಾಯಿಂದಲೂ ಒಂದು ಸ್ವರ ಇಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು, ಇಷ್ಟು ವರ್ಷ ಬೈದವರೇ.

ಮಗ ಓಡಿಬಂದು, ಅವರ ಜೊತೆಗೆ ಬಂದಿದ್ದ ಸಾಕ್ಷಿಯ ಮುದುಕನ ಕಾಲು ಹಿಡಿದ. “ನನ್ನ ದೂರು ವಾಪಸು ತಗೋತೀನಿ ಅಜ್ಜ. ನಾನು ತಿಳೀದೆ ಹೇಳಿದೆ.”

“ಹುಯ್ದ ನೀರನ್ನ ಗಿಂಡಿಗೆ ತುಂಬೋದು ಹೆಂಗಪ್ಪ?” ಎಂದ ಮುದುಕ. “ಕೇಳು, ನಮ್ಮಪ್ಪ ನನಗೆ ಬಾಯಿಪಾಠ ಮಾಡಿಸಿದ್ದು ಇದು, ಉಪಯೋಗಕ್ಕೆ ಬರುತ್ತೆ ಅಂತ ಅವನೂ ಅಂದುಕೊಂಡಿರಲಿಲ್ಲ. ದೂರು ಹೇಳಿದವನು ತನ್ನ ಹೊಸ್ತಿಲ ಮೇಲೆ ನಿಂತು, ಹೊರಟವರ ಮುಖ ನೋಡಿ, ‘ಹೋಗಿ’ ಅನ್ನಬೇಕು. ಆ ಮಾತು ಬೀಳದೆ ಅವರು ಹೊಳೆಗೆ ಇಳಿಯುವಂತಿಲ್ಲ. ಅನ್ನದೆ ಇದ್ದರೆ ದೂರು ಸುಳ್ಳಾಯಿತು. ಸುಳ್ಳು ದೂರಿನವನು ತನ್ನ ಮನೆಮಂದಿಯನ್ನು ಕಟ್ಟಿಕೊಂಡು ತಾನೇ ಹೊಳೆ ದಾಟಬೇಕು.”

ಮಗ ತಾಯಿಯ ಕಡೆ ನೋಡಿದ. ತಾಯಿ ಆಗಲೇ ಗೋಡೆ ಹಿಡಿದು ಏಳುತ್ತಿದ್ದಳು. “ದಾಟೋಣ ಬಿಡೋ. ನಾನು ನಡೆಯದ ದಾರಿಯಾ?” ಎಂದಳು. ಎರಡು ಹೆಜ್ಜೆಗೆ ಅವಳ ಮೊಣಕಾಲು ಸೋತಿತು.

ಸಾಕುವವಳು ಹಗ್ಗ ಬಿಟ್ಟು ಬಂದು ಅವಳ ತೋಳು ಹಿಡಿದುಕೊಂಡಳು. “ಎಲ್ಲಾದರೂ ಉಂಟೇನಮ್ಮ? ಈ ಕಾಲಲ್ಲಿ ನೀವು ಹೊಳೆಗೆ ಇಳಿಯೋದಾ?” ಆಮೇಲೆ ಮಗನಿಗೆ ಹೇಳಿದಳು: “ಹೇಳಿಬಿಡಿ ಅಣ್ಣಾ. ಇವರು ನನಗೆ ಎಷ್ಟು ವರ್ಷ ಕೊಟ್ಟರು ಅಂತ ನನಗೆ ಗೊತ್ತು. ಸಾಕು ಅಂತ ನಾನು ಹೇಳಲ್ಲ, ಆದರೆ ಕಡಿಮೆ ಆಯ್ತು ಅಂತ ಹೇಳೋಕೂ ನನಗೆ ಬಾಯಿಲ್ಲ. ಹೇಳಿಬಿಡಿ. ಎಮ್ಮೆಗೆ ಈಜು ಬರುತ್ತೆ, ಅದು ಮುಂದೆ ಹೋದರೆ ಮಿಕ್ಕವರು ಅದರ ಹಿಂದೆ ಹೋಗ್ತಾರೆ.”

ಮಗ ಹೊಸ್ತಿಲ ಮೇಲೆ ನಿಂತ. ಒಂದೇ ಪದ. ನಾಲಿಗೆಯಲ್ಲಿ ಅದನ್ನೇ ಇಟ್ಟುಕೊಂಡ. ಎಮ್ಮೆಯ ಮುಖ ನೋಡಿದ, ಮೇಕೆಗಳ ಮುಖ ನೋಡಿದ, ಕತ್ತೆಯ ಮುಖ ನೋಡಿದ. ಹಣೆಯ ಕುಂಕುಮ ಬೆವರಿಗೆ ಅದರ ಮೂಗಿನ ತನಕ ಇಳಿದಿತ್ತು.

“ಹೋಗಿ…” ಅಂದ. “ಹೋಗಿ ಬನ್ನಿ.”

ಬೀದಿಯವರೆಲ್ಲ ಮುದುಕನ ಕಡೆ ತಿರುಗಿದರು.

“ಏನಂದೆ?” ಎಂದ ಸಾಕ್ಷಿಯ ಮುದುಕ.

“ತಪ್ಪಾಯ್ತು ಅಜ್ಜ. ಇನ್ನೊಂದು ಸಲ ಹೇಳ್ತೀನಿ.” ಅವನು ಕಣ್ಣು ಮುಚ್ಚಿಕೊಂಡ. “ಹೋಗಿ ಬನ್ನಿ.”

“ಕಣ್ಣು ತೆಗಿ. ಮುಖ ನೋಡಿ ಹೇಳು.”

ಕಣ್ಣು ತೆಗೆದ. ಎರಡು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡ. “ಹೋಗಿ… ಹೋಗಿ ಬನ್ನಿ! ಬರಲ್ಲ ಅಜ್ಜ, ನನ್ನ ಬಾಯಿಗೆ ಬರಲ್ಲ. ಹೊಸ್ತಿಲ ಮೇಲೆ ನಿಂತು ಯಾರಿಗೂ ನಾನು ಬರೀ ಹೋಗಿ ಅಂದವನಲ್ಲ. ನಮ್ಮಮ್ಮ ಮಾತು ಕಲಿಸುವಾಗ ಎರಡನ್ನೂ ಸೇರಿಸಿಯೇ ಕಲಿಸಿದಳು.”

ಸಾಕ್ಷಿಯ ಮುದುಕ ಬರಿದಾದ ಗಿಂಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಕುಂಬಾರಗಿತ್ತಿ ಹೆಬ್ಬಾತುಗಳ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಿದ್ದಳು, ಎತ್ತಿಕೊಂಡು ಹೋಗಲಿ ನೋಡೋಣ ಎಂಬ ಹಾಗೆ.

ಕೊನೆಗೆ ಮುದುಕ ಹೇಳಿದ: “ಇವನು ಹೋಗಿ ಅಂದದ್ದು ಉಂಟು. ಹಾಗಾಗಿ ದೂರು ಸುಳ್ಳಲ್ಲ, ಇವನು ದಾಟಬೇಕಾಗಿಲ್ಲ. ಬನ್ನಿ ಅಂದದ್ದೂ ಉಂಟು, ಮೂರು ಸಲ, ಹೊಸ್ತಿಲ ಮೇಲೆ ನಿಂತು. ಮನೆಯವನು ಹೊಸ್ತಿಲ ಮೇಲೆ ನಿಂತು ಬನ್ನಿ ಅಂದಮೇಲೆ ಬರದೆ ಇರೋದು ಯಾವ ಮರ್ಯಾದೆ? ಆದ್ದರಿಂದ ಇವರು ಹೋಗಲೂ ಬೇಕು, ಬರಲೂ ಬೇಕು. ನಡೀರಿ, ಬೇಗ. ಹೊತ್ತು ಇಳಿಯುತ್ತಿದೆ.”

ಊರಿಗೆ ಊರೇ ಹೊಳೆಗೆ ನಡೆಯಿತು. ಎಮ್ಮೆ ಮೊದಲು ಇಳಿಯಿತು. ಕರುವನ್ನು ಮಗ ಹೆಗಲ ಮೇಲೆ ಹೊತ್ತುಕೊಂಡ. ಕೋಳಿಯ ಬುಟ್ಟಿಯನ್ನು ಕುಂಬಾರಗಿತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಆಚೆ ದಡಕ್ಕೆ ಹೋಗಿ, ಅಲ್ಲಿಯ ಹುಲ್ಲಿಗೆ ಒಂದೊಂದು ಬಾಯಿ ಹಾಕಿ, ಎಲ್ಲರೂ ತಿರುಗಿ ನೀರಿಗೆ ಇಳಿದರು. ಸಾಕುವವಳು ಈಚೆ ದಡದಲ್ಲಿ ಹಗ್ಗಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಒಬ್ಬೊಬ್ಬರು ನೀರಿನಿಂದ ಎದ್ದು ಬಂದ ಹಾಗೆ ಒಬ್ಬೊಬ್ಬರಿಗೂ ಕೈ ಮುಗಿದಳು. ಹೊಟ್ಟೆಯ ತನಕ ನೆನೆದ ಮೇಕೆಗಳು ಮೈ ಕೊಡವಿದಾಗ ನೀರು ಎಲ್ಲರ ಮೇಲೂ ಹಾರಿತು. ಯಾರೂ ಒರೆಸಿಕೊಳ್ಳಲಿಲ್ಲ.

ಬನ್ನಿ ಎಂದು ಕರೆದ ಹೊಸ್ತಿಲು ಅವನದು. ಆದ್ದರಿಂದ ಅವರು ಮೊದಲು ಬಂದದ್ದು ಅವನ ಮನೆಗೇ. ಬೀದಿಯ ತುಂಬ ಒದ್ದೆ ಗೊರಸಿನ ಗುರುತು. ಜಗಲಿಯ ಕೆಳಗೆ ಕತ್ತೆ ಬಂದು ನಿಂತಿತು. ಬೆಳಗಿನಿಂದ ತಡೆದಿಟ್ಟುಕೊಂಡದ್ದನ್ನೆಲ್ಲ ಸೇರಿಸಿ, ಕತ್ತು ಎತ್ತಿ, ಒಮ್ಮೆ ಕೂಗಿತು. ಜಂತೆಯಿಂದ ಮಣ್ಣು ಉದುರಿತು.

ತಾಯಿ ಕಣ್ಣು ಮುಚ್ಚಿದಳು. ಹೆಬ್ಬೆರಳು ಹಿಂದಕ್ಕೆ ಬಂತು. ತುಟಿ ಅಲುಗಿತು, ಮುಖದಲ್ಲಿ ನಗು ಮೂಡಿತು.

ಮಗ ಒದ್ದೆ ಬಟ್ಟೆಯಲ್ಲೇ ಅವಳ ಪಕ್ಕ ಕೂತು, ಜೀವಮಾನದಲ್ಲಿ ಮೊದಲ ಸಲ ನಡತೆ ಮುರಿದು ಕೇಳಿದ: “ಎಲ್ಲಿದ್ದೀಯಮ್ಮ?”

“ಸುಮ್ಮನಿರೋ,” ಎಂದಳು ತಾಯಿ. “ಈಗಷ್ಟೇ ಹುರಿಗಡಲೆ ಕೊಟ್ಟಿದ್ದಾರೆ.”

ಕಥೆ ಇಷ್ಟು. ಇದನ್ನು ನನಗೆ ಕೊಟ್ಟವರು ಬತ್ತಿಯ ಜೊತೆ ಕೊಟ್ಟರು; ನಾನು ನಿಮಗೆ ಅಕ್ಷರದಲ್ಲಿ ಕೊಡುತ್ತಿದ್ದೇನೆ. ಕೇಳಿದವರು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿ. ಮನೆಯವರಿಗೆ ಆಮೇಲೆ ಹೇಳಿದರೂ ನಡೆದೀತು. ಮೊದಲು ಗೋಡೆಯಾಚೆಯವರಿಗೆ ಹೇಳಿ. ಮಾತು ಬಿಟ್ಟು ಬಹಳ ದಿನವಾಗಿದ್ದರೆ ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಹೋಗಿ ಹೇಳಿ. ನೀವು ಹೇಳುವಾಗ ಅವರ ಹಿತ್ತಲಲ್ಲಿ ಏನಾದರೂ ಕೂಗಿದರೆ, ಅದು ಮುಗಿಯುವ ತನಕ ನಿಂತು, ಆಮೇಲೆ ಮುಂದಕ್ಕೆ ಹೇಳಿ.